ಊರಿನ ಡಿಗ್ರಿ ಕಾಲೇಜಿನಿಂದ ಎಫ್‌ಎಸ್‌ಎಲ್‌ವರೆಗೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳಿಗೆ ವಿಧಿವಿಜ್ಞಾನ ಓದುವ ಸಮಗ್ರ ಮಾರ್ಗದರ್ಶಿ

‘ಶ್ವಾನದಳ, ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದರು.’ ಪೇಪರಿನಲ್ಲಿ ಕಳವು, ಕೊಲೆ ಸುದ್ದಿಯ ಕೊನೆಗೆ ಈ ಸಾಲು ಬಂದೇ ಬರುತ್ತದೆ. ಆ ತಜ್ಞರು ಏನು ಓದಿರುತ್ತಾರೆ, ಎಲ್ಲಿ ಓದಿರುತ್ತಾರೆ ಎಂದು ಕೇಳುವ ಪಿಯುಸಿ ಹುಡುಗ ಹುಡುಗಿಯರು ಈಗೀಗ ಜಾಸ್ತಿಯಾಗಿದ್ದಾರೆ. ಜೊತೆಗೆ ಅವರನ್ನು ಹುಡುಕಿಕೊಂಡು ಬರುವ ಬಣ್ಣ ಬಣ್ಣದ ಜಾಹೀರಾತುಗಳೂ ಜಾಸ್ತಿಯಾಗಿವೆ. ‘ಫೊರೆನ್ಸಿಕ್’ (ವಿಧಿವಿಜ್ಞಾನ) ಎಂಬ ಹೆಸರೊಂದಿದ್ದರೆ ಸಾಕು, ಲಕ್ಷಗಟ್ಟಲೆ ಫೀ ಕೇಳುವವರೂ ಇದ್ದಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಮೂರು ವರ್ಷಕ್ಕೆ ಬೆಂಗಳೂರಿಗೋ ಪುಣೆಗೋ ಹೋಗಿ ದುಡ್ಡು ಸುರಿಯಬೇಕಾಗಿಲ್ಲ. ನಿಮ್ಮೂರಿನ ಅಥವಾ ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಇರುವ ಒಂದು ಒಳ್ಳೆಯ ಬಿ.ಎಸ್ಸಿ. ಮಾಡಿ. ಲ್ಯಾಬಿನಲ್ಲಿ ಕೈ ಪಳಗಿಸಿಕೊಳ್ಳಿ. ವಿಧಿವಿಜ್ಞಾನ ಎಂಬ ಹೆಸರಿನ ಪದವಿಯನ್ನು ಎಂ.ಎಸ್ಸಿ.ಯಲ್ಲಿ ತೆಗೆದುಕೊಳ್ಳಿ. ಮುಂದೆ ಬರುವುದೆಲ್ಲ ಈ ಮಾತಿನ ವಿವರ.

ಮೊದಲು, ಇದು ಎಂಥ ಕೆಲಸ ಅಂತ ತಿಳಿದುಕೊಳ್ಳಿ

ಮುಧೋಳ ಕಡೆಯ ತಂದೆಯೊಬ್ಬರು ಮಗಳ ಅಡ್ಮಿಷನ್ನಿಗೆ ಬಂದಾಗ ಕೇಳಿದ ಮೊದಲ ಪ್ರಶ್ನೆ: “ಸರ, ಇದರಾಗ ಹೆಣ ಕೊಯ್ಯೂದು ಇರತೈತೇನ್ರಿ?” ಇಲ್ಲ. ಮರಣೋತ್ತರ ಪರೀಕ್ಷೆ ಡಾಕ್ಟರ ಕೆಲಸ. ಅದಕ್ಕೆ ಎಂಬಿಬಿಎಸ್ ಮಾಡಬೇಕು, ಅದರಲ್ಲೇ ತಜ್ಞರಾಗಬೇಕೆಂದರೆ ಆಮೇಲೆ ಫೊರೆನ್ಸಿಕ್ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡಬೇಕು. ಬೆಳಗಾವಿಯ ಬಿಮ್ಸ್, ಜೆಎನ್‌ಎಂಸಿ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ವಿಜಯಪುರದ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು, ಇಲ್ಲೆಲ್ಲ ಇರುವುದು ಆ ವಿಭಾಗ. ಅದು ನೀಟ್ ಬರೆದು ಹೋಗುವ ದಾರಿ.

ನಾವು ಮಾತಾಡುತ್ತಿರುವುದು ಲ್ಯಾಬಿನ ಕೆಲಸ. ಡಾಕ್ಟರು ಜಾಡಿಯಲ್ಲಿ ಹಾಕಿ ಸೀಲು ಮಾಡಿ ಕಳಿಸಿದ ಒಳಾಂಗದಲ್ಲಿ ಯಾವ ವಿಷ ಇದೆ, ಬಟ್ಟೆಯ ಮೇಲಿನ ಕಲೆ ರಕ್ತವೋ ಅಲ್ಲವೋ, ರಕ್ತವಾದರೆ ಯಾರದು, ಕರಾರು ಪತ್ರದ ಸಹಿ ಅಸಲಿಯೋ ನಕಲಿಯೋ, ಗುಂಡು ಯಾವ ಪಿಸ್ತೂಲಿನದು, ಮೊಬೈಲಿನಿಂದ ಅಳಿಸಿದ ಮೆಸೇಜ್ ಏನಿತ್ತು ಎಂದು ಹುಡುಕುವ ಕೆಲಸ. ಅದಕ್ಕೆ ಎಫ್‌ಎಸ್‌ಎಲ್‌ನಲ್ಲಿ, ಅಂದರೆ ಸರ್ಕಾರದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ, ರಸಾಯನ, ವಿಷ, ಜೀವವಿಜ್ಞಾನ, ಡಿಎನ್‌ಎ, ಭೌತ, ಬಂದೂಕು, ದಾಖಲೆ ಪತ್ರ, ಕಂಪ್ಯೂಟರ್ ಮತ್ತು ಮೊಬೈಲ್ ಅಂತ ಬೇರೆ ಬೇರೆ ವಿಭಾಗಗಳಿರುತ್ತವೆ. ಒಬ್ಬರೇ ಎಲ್ಲವನ್ನೂ ಮಾಡುವುದು ಸಿನಿಮಾದಲ್ಲಿ ಮಾತ್ರ. ಆರೋಪಿಯನ್ನು ಹಿಡಿಯುವುದು, ವಿಚಾರಣೆ ಮಾಡುವುದು ಲ್ಯಾಬಿನವರ ಕೆಲಸವೇ ಅಲ್ಲ. ಆರು ತಾಸು ಒಂದೇ ಕಡೆ ಕೂತು, ಒಂದೇ ಕೆಲಸವನ್ನು ಬೇಜಾರಿಲ್ಲದೆ ಮಾಡುವ ಸ್ವಭಾವ ಬೇಕು.

ರಾಜ್ಯದ ಮುಖ್ಯ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ಬೆಳಗಾವಿಯಲ್ಲೇ ಒಂದು ಪ್ರಾದೇಶಿಕ ಎಫ್‌ಎಸ್‌ಎಲ್ ಇದೆ. ಮೈಸೂರು, ಮಂಗಳೂರು, ದಾವಣಗೆರೆ, ಕಲಬುರಗಿಯಲ್ಲೂ ಇವೆ. ಅಂದರೆ ನಮ್ಮ ಭಾಗದವರಿಗೆ ಈ ಕೆಲಸ ಕಣ್ಣಿಗೆ ಕಾಣದಷ್ಟು ದೂರದ್ದೇನಲ್ಲ.

ಈ ಕೆಲಸದ ತೂಕ ಗೊತ್ತಾಗಲು ಒಂದು ಉದಾಹರಣೆ ಸಾಕು. ವಿಜಯಪುರ ಜಿಲ್ಲೆಯವರೇ ಆದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಕೊಲೆಯಾಯಿತು. ಎರಡೂ ಕಡೆ ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದು ಎಫ್‌ಎಸ್‌ಎಲ್ ವರದಿ ಹೇಳಿತು. ಎರಡು ಊರು, ಎರಡು ವರ್ಷದ ಅಂತರ. ಇವೆರಡನ್ನು ಜೋಡಿಸಿದ್ದು ಗುಂಡು ಮತ್ತು ತೋಟಾದ ಮೇಲೆ ಉಳಿದ ಗುರುತುಗಳು. ಎರಡು ತೋಟಾಗಳನ್ನು ಒಟ್ಟಿಗೆ ತೋರಿಸುವ ಹೋಲಿಕೆ ಸೂಕ್ಷ್ಮದರ್ಶಕದ ಮುಂದೆ ಕೂತು ಯಾರೋ ಒಬ್ಬರು ಆ ಗೀರುಗಳನ್ನು ತಾಳೆ ನೋಡಿರುತ್ತಾರೆ. ಅವರ ಹೆಸರು ಪೇಪರಿನಲ್ಲಿ ಬರುವುದಿಲ್ಲ ಬಿಡಿ.

ಪಿಯುಸಿಯಲ್ಲಿ ಏನು ತೆಗೆದುಕೊಳ್ಳಬೇಕು

ವಿಜ್ಞಾನ. ಪಿಸಿಎಂಬಿ ಆದರೆ ಎಲ್ಲ ಬಾಗಿಲೂ ತೆರೆದಿರುತ್ತವೆ. ಗಣಿತ ಆಗದಿದ್ದರೆ ಜೀವಶಾಸ್ತ್ರ ಗಟ್ಟಿ ಮಾಡಿಕೊಳ್ಳಿ, ಜೀವಶಾಸ್ತ್ರ ಬೇಡವೆಂದರೆ ಭೌತಶಾಸ್ತ್ರ ಮತ್ತು ಕಂಪ್ಯೂಟರ್. ರಸಾಯನಶಾಸ್ತ್ರವನ್ನು ಮಾತ್ರ ಬಿಡುವ ಹಾಗಿಲ್ಲ. ಕಲಾ ವಿಭಾಗದವರು ಲ್ಯಾಬಿನ ಕೆಲಸಕ್ಕೆ ಹೋಗುವುದು ಕಷ್ಟ. ಅವರಿಗೆ ಅಪರಾಧಶಾಸ್ತ್ರದ ದಾರಿ ಇದೆ. ವಾಣಿಜ್ಯ ಓದಿದವರಿಗೆ ಬ್ಯಾಂಕು, ವಿಮೆ ವಂಚನೆಯ ಲೆಕ್ಕ ಬಿಡಿಸುವ ಕೆಲಸಗಳಿವೆ, ಅದು ಬೇರೆಯದೇ ಓದು.

ಡಿಗ್ರಿ ಯಾವುದು, ಕಾಲೇಜು ಯಾವುದು

ಇಲ್ಲೇ ಜಾಸ್ತಿ ಜನ ಎಡವುವುದು. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಬೆಳಗಾವಿ, ವಿಜಯಪುರ ಜಿಲ್ಲೆಗಳ ಪದವಿ ಕಾಲೇಜುಗಳು ಹೆಚ್ಚಾಗಿ 2010ರಲ್ಲಿ ಶುರುವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಬಾಗಲಕೋಟೆ ಜಿಲ್ಲೆಯವೂ ಮೊದಲು ಅದರ ಕೆಳಗೇ ಇದ್ದವು, ಆಮೇಲೆ ಆ ಜಿಲ್ಲೆಗೆ ಬಾಗಲಕೋಟೆ ವಿಶ್ವವಿದ್ಯಾಲಯ ಬಂತು. ಬೆಳಗಾವಿಯ ಆರ್‌ಎಲ್‌ಎಸ್, ಜಿಎಸ್‌ಎಸ್, ಬಾಗಲಕೋಟೆಯ ಬಸವೇಶ್ವರ ವಿಜ್ಞಾನ ಕಾಲೇಜು, ವಿಜಯಪುರದ ಎಸ್‌ಬಿ ಕಲಾ ಮತ್ತು ಕೆಸಿಪಿ ವಿಜ್ಞಾನ ಕಾಲೇಜು ಹಳೆಯ, ಹೆಸರಿರುವ ಕಾಲೇಜುಗಳು. ಇವಲ್ಲದೆ ತಾಲ್ಲೂಕುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಅಲ್ಲಿ ಫೀ ತೀರ ಕಡಿಮೆ. ಹುಡುಗಿಯರಿಗೆ ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ.

‘ನಮ್ಮ ಕಾಲೇಜಿನಲ್ಲಿ ಫೊರೆನ್ಸಿಕ್ ಸೈನ್ಸ್ ಇಲ್ವಲ್ಲ’ ಎಂದು ಕೊರಗಬೇಡಿ. ಎಫ್‌ಎಸ್‌ಎಲ್‌ನ ಹುದ್ದೆಗಳಿಗೆ ರಸಾಯನ, ಭೌತ, ಜೀವವಿಜ್ಞಾನ ಓದಿದವರನ್ನೂ ತೆಗೆದುಕೊಳ್ಳುತ್ತಾರೆ. ವಿಷ ವಿಭಾಗದಲ್ಲಿ ಕೂರುವವರು ಮೊದಲು ಕೆಮಿಸ್ಟು, ಆಮೇಲೆ ಫೊರೆನ್ಸಿಕ್‌ನವರು. ಹೆಸರಿಗೆ ಫೊರೆನ್ಸಿಕ್ ಬಿ.ಎಸ್ಸಿ. ಮಾಡಿ ಟೈಟ್ರೇಷನ್ ಸರಿಯಾಗಿ ಬಾರದಿದ್ದರೆ ಏನು ಬಂತು? ಇನ್ನೊಂದು ಲೆಕ್ಕವೂ ಇದೆ. ಬರೀ ರಸಾಯನಶಾಸ್ತ್ರದ ಪದವಿ ಇದ್ದರೆ ಎಫ್‌ಎಸ್‌ಎಲ್ ಸಿಗದಿದ್ದರೂ ಹತ್ತು ಕಡೆ ಕೆಲಸ ಕೇಳಬಹುದು. ಫೊರೆನ್ಸಿಕ್ ಪದವಿ ಹಿಡಿದು ಹೋದರೆ ಅಷ್ಟು ಕಡೆ ಕೇಳಲು ಆಗುವುದಿಲ್ಲ.

ವಿಷಯ ಆರಿಸುವಾಗ ಹೀಗೆ ಯೋಚಿಸಿ. ವಿಷ, ಮಾದಕ ವಸ್ತು, ಸ್ಫೋಟಕ, ಕಳ್ಳಭಟ್ಟಿ, ಇವುಗಳ ಕಡೆ ಮನಸ್ಸಿದ್ದರೆ ರಸಾಯನಶಾಸ್ತ್ರವೇ ಮುಖ್ಯ. ರಕ್ತ, ಡಿಎನ್‌ಎ ಕಡೆ ಎಂದರೆ ರಸಾಯನದ ಜೊತೆ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಇರುವ ಸಿಬಿಝಡ್, ಅಥವಾ ಬಯೋಟೆಕ್ನಾಲಜಿ ಸಿಗುವ ಕಡೆ ಅದು. ಬಂದೂಕು, ಅಪಘಾತ, ಗಾಜು, ಮಣ್ಣು ಎಂದರೆ ಭೌತಶಾಸ್ತ್ರ. ಮೊಬೈಲ್, ಸೈಬರ್ ಎಂದರೆ ಬಿಸಿಎ ಅಥವಾ ಕಂಪ್ಯೂಟರ್ ಸೈನ್ಸ್. ಈಗ ಠಾಣೆಗೆ ಬರುವ ಪ್ರಕರಣಗಳಲ್ಲಿ ಮೊಬೈಲ್ ಇಲ್ಲದ್ದು ಅಪರೂಪ, ಹಾಗಾಗಿ ಕೊನೆಯದನ್ನು ಹಗುರವಾಗಿ ನೋಡಬೇಡಿ.

ಕಮ್ಯುನಿಟಿ ಕಾಲೇಜು, ಡಿಪ್ಲೊಮಾ, ಬಿ.ವೊಕ್. (ಕೌಶಲ ಕಲಿಸುವ ಪದವಿ) ಬಗ್ಗೆಯೂ ಕೇಳುತ್ತಾರೆ. ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಎಂದರೆ ಮನೆ ಹತ್ತಿರದ ಎರಡು ವರ್ಷದ ಕಾಲೇಜು. ಕಡಿಮೆ ಫೀಯಲ್ಲಿ ಬುನಾದಿ ಹಾಕಿಕೊಂಡು ಮುಂದೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಅಂತರ್ಜಾಲದಲ್ಲಿ ಸಿಗುವ ಸಲಹೆ ಬಹಳಷ್ಟು ಅಲ್ಲಿಯದು. ನಮ್ಮಲ್ಲಿ ಯುಜಿಸಿ 2013ರಲ್ಲಿ ಕಮ್ಯುನಿಟಿ ಕಾಲೇಜು ಯೋಜನೆ ತಂದಿದ್ದು ಬೇರೆ ಉದ್ದೇಶಕ್ಕೆ, ಇರುವ ಕಾಲೇಜುಗಳಲ್ಲೇ ಕೌಶಲ ಕಲಿಸುವ ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸು ನಡೆಸಲು. ಅದು ತಪ್ಪಲ್ಲ. ಆದರೆ ಆರು ತಿಂಗಳ ಡಿಪ್ಲೊಮಾ ಪದವಿಯ ಜಾಗಕ್ಕೆ ಬರುವುದಿಲ್ಲ. ಬಿ.ಎಸ್ಸಿ. ಜೊತೆಗೆ ಪಕ್ಕದಲ್ಲಿ ಮಾಡುವುದಾದರೆ ಮಾಡಿ. ಅಮೆರಿಕದ ಆ ಕಾಲೇಜಿನ ಪಾತ್ರವನ್ನು ನಮ್ಮಲ್ಲಿ ನಿಜವಾಗಿ ಮಾಡುತ್ತಿರುವುದು ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ.

ಫೊರೆನ್ಸಿಕ್ ಹೆಸರಿನ ಬಿ.ಎಸ್ಸಿ.ಯೇ ಬೇಕು ಎಂದು ಹಟ ಇದ್ದರೆ ಅಡ್ಮಿಷನ್ನಿಗೆ ಮೊದಲು ಕಾಲೇಜಿಗೆ ಹೋಗಿ ಇಷ್ಟು ಕೇಳಿ. ಪದವಿ ಕೊಡುವ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆಯೇ? ಪಾಠ ಮಾಡುವವರು ಏನು ಓದಿದ್ದಾರೆ, ಕಾಯಂ ಇದ್ದಾರೋ ವರ್ಷಕ್ಕೊಬ್ಬರು ಬದಲಾಗುತ್ತಾರೋ? ಕಳೆದ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ? ಎಲ್ಲಕ್ಕಿಂತ ಮುಖ್ಯವಾಗಿ, “ಲ್ಯಾಬ್ ತೋರಿಸ್ರಿ” ಅನ್ನಿ. ಬೀಗ ತೆಗೆಯಲು ಕೀಲಿ ಹುಡುಕಾಡಿದರೆ, ಒಳಗೆ ಸೂಕ್ಷ್ಮದರ್ಶಕದ ಮೇಲೆ ಧೂಳು ಕೂತಿದ್ದರೆ, ನಿಮಗೆ ಬೇಕಾದ ಉತ್ತರ ಸಿಕ್ಕಿತು. ಗೋಡೆಯ ಮೇಲಿನ ‘ಕ್ರೈಮ್ ಸೀನ್’ ಹಳದಿ ಪಟ್ಟಿ ನೋಡಿ ಮರುಳಾಗಬೇಡಿ.

ಪ್ರವೇಶ ಮತ್ತು ಸ್ಕಾಲರ್‌ಶಿಪ್

ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಯುಯುಸಿಎಂಎಸ್ ಪೋರ್ಟಲ್ ಮೂಲಕ ನಡೆಯುತ್ತದೆ. ಪರೀಕ್ಷೆ ಅರ್ಜಿ, ಫಲಿತಾಂಶ ಎಲ್ಲ ಅದರಲ್ಲೇ. ಅದರ ಪಾಸ್‌ವರ್ಡನ್ನು ಸೈಬರ್ ಸೆಂಟರಿನವರ ನೆನಪಿನಲ್ಲಿ ಇಟ್ಟು ಬರಬೇಡಿ, ನಿಮ್ಮ ಹತ್ತಿರವೂ ಬರೆದಿಟ್ಟುಕೊಳ್ಳಿ. ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಪೋರ್ಟಲ್ಲು. ಅದಕ್ಕೆ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಹಾಗಾಗಿ ಪಿಯುಸಿ ಫಲಿತಾಂಶ ಬರುವ ಮೊದಲೇ ನಾಡಕಚೇರಿಯಲ್ಲಿ ಅವನ್ನು ಮಾಡಿಸಿಬಿಡಿ. ಆಧಾರ್, ಮಾರ್ಕ್ಸ್‌ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರು ಒಂದೇ ಥರ ಇರಲಿ. ಒಂದರಲ್ಲಿ ‘ಬಸವರಾಜ’, ಇನ್ನೊಂದರಲ್ಲಿ ‘ಬಸವರಾಜು’ ಇದ್ದರೆ ದುಡ್ಡು ಬರುವುದು ಅಲ್ಲೇ ನಿಲ್ಲುತ್ತದೆ. ಹಿಂದುಳಿದ ವರ್ಗ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಗದವರು ಊಟ, ವಸತಿಯ ಖರ್ಚಿಗೆ ನೆರವು ಕೊಡುವ ವಿದ್ಯಾಸಿರಿಗೆ ಅರ್ಜಿ ಹಾಕಿ ನೋಡಿ.

2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿಯೇ ಬಂದಿದೆ. ಅಣ್ಣ ಅಕ್ಕಂದಿರು ಹೇಳುವ ನಾಲ್ಕು ವರ್ಷದ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ.

ಮೊದಲ ವರ್ಷ: ರೆಕಾರ್ಡ್ ಬುಕ್ಕು

ಡಿಗ್ರಿ ಕಾಲೇಜಿನ ಪ್ರಾಕ್ಟಿಕಲ್ ರೆಕಾರ್ಡು ಹೇಗೆ ತಯಾರಾಗುತ್ತದೆ ಎಂದು ನಿಮಗೂ ಗೊತ್ತು, ನಮಗೂ ಗೊತ್ತು. ಸೀನಿಯರ್ ಹತ್ತಿರ ಇಸಕೊಂಡು, ಪರೀಕ್ಷೆಗೆ ಎರಡು ದಿನ ಇರುವಾಗ ರಾತ್ರಿ ಕೂತು ನಕಲು. ರೀಡಿಂಗ್ ಕೂಡ ಅವರದ್ದೇ! ವಿಧಿವಿಜ್ಞಾನಕ್ಕೆ ಹೋಗುವವರು ಇದೊಂದು ಚಟವನ್ನು ಮೊದಲ ದಿನವೇ ಬಿಡಬೇಕು. ಯಾಕೆಂದರೆ ಮುಂದೆ ಇಡೀ ವೃತ್ತಿ ನಿಂತಿರುವುದು ‘ನಾನು ನೋಡಿದ್ದನ್ನು, ನೋಡಿದಾಗಲೇ ಬರೆದೆ’ ಎಂಬ ಮಾತಿನ ಮೇಲೆ.

ಹೀಗೆ ಮಾಡಿ. ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ತಗೊಳ್ಳಿ, ಹಾಳೆಗೆಲ್ಲ ಪುಟ ಸಂಖ್ಯೆ ಹಾಕಿ. ಪ್ರಯೋಗ ಮಾಡುತ್ತಲೇ ಬರೆಯಿರಿ: ತಾರೀಕು, ಸಮಯ, ಬಳಸಿದ ದ್ರಾವಣ, ಬಂದ ರೀಡಿಂಗ್. ತಪ್ಪಾದರೆ ಅಕ್ಷರ ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ಸಣ್ಣ ಸಹಿ ಮತ್ತು ತಾರೀಕು ಹಾಕಿ. ವೈಟ್ನರ್ ಬೇಡ, ತಿದ್ದಿ ಮೇಲೆ ಬರೆಯುವುದು ಬೇಡ, ಹಾಳೆ ಹರಿಯುವುದಂತೂ ಬೇಡವೇ ಬೇಡ. ಬ್ಯೂರೆಟ್ ರೀಡಿಂಗ್ ಮೂರು ಸಲ ಬೇರೆ ಬೇರೆ ಬಂದರೆ ಬೇರೆ ಬೇರೆಯೇ ಬರೆಯಿರಿ. ಮಾಸ್ತರರಿಗೆ ಸಿಟ್ಟು ಬಂದರೂ ಪರವಾಗಿಲ್ಲ.

ಇದೇ ವರ್ಷ ‘ಕಂಟ್ರೋಲ್’ ಎಂದರೆ ಏನು ಎಂದು ಸರಿಯಾಗಿ ತಲೆಗೆ ಹಾಕಿಕೊಳ್ಳಿ. ರಕ್ತದ ಕಲೆಗೆ ಮಾಡುವ ಕ್ಯಾಸಲ್-ಮೇಯರ್ ಪರೀಕ್ಷೆ ನೋಡಿ. ಫಿನಾಲ್ಫ್ಥಲೀನನ್ನು ಬಣ್ಣವಿಲ್ಲದ ರೂಪಕ್ಕೆ ತಂದು ಇಟ್ಟುಕೊಂಡಿರುತ್ತಾರೆ. ಹತ್ತಿ ಬಟ್ಟೆಯ ತುದಿಯಿಂದ ಕಲೆ ಒರೆಸಿ, ಅದರ ಮೇಲೆ ಆ ದ್ರಾವಣದ ಒಂದು ಹನಿ. ತುಸು ಕಾಯಬೇಕು. ಏನೂ ಆಗದಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ. ರಕ್ತವಿದ್ದರೆ ಕೆಲವೇ ಸೆಕೆಂಡಿನಲ್ಲಿ ಗುಲಾಬಿ ಬಣ್ಣ ಬರುತ್ತದೆ. ಹೀಮೋಗ್ಲೋಬಿನ್‌ನಲ್ಲಿರುವ ಹೀಮ್ ಆ ಕ್ರಿಯೆಯನ್ನು ಓಡಿಸುತ್ತದೆ. ಪೆರಾಕ್ಸೈಡ್ ಹಾಕುವ ಮೊದಲೇ ಗುಲಾಬಿಯಾದರೆ? ಆ ಕಲೆಯಲ್ಲಿ ಬೇರೇನೋ ರಾಸಾಯನಿಕ ಇದೆ ಎಂದರ್ಥ, ಪರೀಕ್ಷೆ ಅಲ್ಲಿಗೆ ಅನುಮಾನಕ್ಕೆ ಬಿತ್ತು. ತುಂಬಾ ಹೊತ್ತು ಬಿಟ್ಟರೆ ಗಾಳಿಗೇ ಗುಲಾಬಿಯಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮೂಲಂಗಿಯಂಥ ತರಕಾರಿಯ ರಸ ಕೂಡ ರಕ್ತದ ಹಾಗೆ ವರ್ತಿಸಬಲ್ಲದು. ಆದ್ದರಿಂದಲೇ ರಕ್ತ ಇದೆ ಎಂದು ಗೊತ್ತಿರುವ ಒಂದು ಮಾದರಿ, ಇಲ್ಲ ಎಂದು ಗೊತ್ತಿರುವ ಒಂದು ಮಾದರಿ, ಎರಡನ್ನೂ ಪಕ್ಕದಲ್ಲೇ ಪರೀಕ್ಷಿಸಬೇಕು. ಇಷ್ಟಾದರೂ ವರದಿಯಲ್ಲಿ ‘ರಕ್ತವಿರುವ ಸಾಧ್ಯತೆ’ ಎಂದಷ್ಟೇ ಬರೆಯಬಹುದು. ಖಚಿತಪಡಿಸಲು ಬೇರೆ ಪರೀಕ್ಷೆ, ಮನುಷ್ಯನ ರಕ್ತವೇ ಎನ್ನಲು ಇನ್ನೊಂದು, ಯಾರದು ಎನ್ನಲು ಡಿಎನ್‌ಎ. ಒಂದು ಹನಿ ಗುಲಾಬಿ ಬಣ್ಣಕ್ಕೆ ‘ಕೊಲೆಗಾರ ಸಿಕ್ಕ’ ಎನ್ನುವವರು ಈ ಕೆಲಸಕ್ಕೆ ಆಗಿಬರುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಅಭ್ಯಾಸ

ಇದಕ್ಕೆ ದೊಡ್ಡ ಖರ್ಚಿಲ್ಲ. ಸ್ಟೀಲ್ ಲೋಟ ಅಥವಾ ಗಾಜಿನ ಮೇಲೆ ಬೆರಳು ಒತ್ತಿ, ನಯವಾದ ಗ್ರಾಫೈಟ್ ಪುಡಿಯನ್ನು ಮೆತ್ತನೆಯ ಬ್ರಷ್‌ನಿಂದ ಸವರಿ, ಮೂಡಿದ ಗುರುತನ್ನು ಅಗಲ ಸೆಲ್ಲೋಟೇಪಿನಿಂದ ಎತ್ತಿ ಬಿಳಿ ಕಾರ್ಡಿಗೆ ಅಂಟಿಸಿ. ಮೊದಮೊದಲು ಪುಡಿ ಜಾಸ್ತಿಯಾಗಿ ಬರೀ ಕಪ್ಪು ಮಸಿಯಾಗುತ್ತದೆ. ಮನೆಯವರೆಲ್ಲರ ಬೆರಳು ತಗೊಂಡು ಕುಣಿಕೆ, ಸುರುಳಿ, ಕಮಾನು ಎಂದು ವಿಂಗಡಿಸಿ. ಕುಣಿಕೆಯೇ ಹೆಚ್ಚು, ಕಮಾನು ಅಪರೂಪ. ಅಂದ ಹಾಗೆ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೊ ಶುರುವಾಗಿದ್ದು 1897ರಲ್ಲಿ, ನಮ್ಮ ಕೋಲ್ಕತ್ತದಲ್ಲಿ. ಅದರ ವಿಂಗಡಣೆ ಪದ್ಧತಿಗೆ ಬ್ರಿಟಿಷ್ ಅಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಬಂತು, ಆದರೆ ಅದರ ಲೆಕ್ಕ ಕೂಡಿಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಇದ್ದರು.

ಹೆಜ್ಜೆ ಗುರುತಿಗೆ ನಮ್ಮ ಭಾಗ ಹೇಳಿ ಮಾಡಿಸಿದ ಜಾಗ. ಬಾಗಲಕೋಟೆ, ವಿಜಯಪುರದ ಎರೆಮಣ್ಣಿನಲ್ಲಿ ಮಳೆ ಬಿದ್ದ ಮರುದಿನ ಚಪ್ಪಲಿ ಗುರುತು ಅಚ್ಚೊತ್ತಿದಂತೆ ನಿಲ್ಲುತ್ತದೆ. ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರ ಮೇಲಿನಿಂದ ಫೋಟೊ ತೆಗೆಯಿರಿ. ಆಮೇಲೆ ಸುತ್ತ ರಟ್ಟಿನ ಕಟ್ಟೆ ಕಟ್ಟಿ. ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಉದುರಿಸುತ್ತ ಕಲೆಸಿ, ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ದೋಸೆ ಹಿಟ್ಟಿನ ಹದ ಬಂದಾಗ ಗುರುತಿನ ಮೇಲೆ ನೇರ ಸುರಿಯದೆ ಅಂಚಿನಿಂದ ಹರಿಯಲು ಬಿಡಿ. ಅರ್ಧ ತಾಸು ಮುಟ್ಟಬೇಡಿ. ಎತ್ತಿದ ಮೇಲೆ ಹಿಂಬದಿಗೆ ತಾರೀಕು, ಜಾಗ, ನಿಮ್ಮ ಸಹಿ. ಎರೆ ಒಣಗಿ ಬಿರುಕು ಬಿಟ್ಟ ಮೇಲೆ ಇದೇ ಪ್ರಯೋಗ ಮಾಡಿ ನೋಡಿ, ಗುರುತು ಹೇಗೆ ಕೆಡುತ್ತದೆ ಅಂತ ತಿಳಿಯುತ್ತದೆ. ಖಾನಾಪುರ ಕಡೆಯ ಕೆಂಪು ಮಣ್ಣಿನಲ್ಲಿ ಫಲಿತಾಂಶವೇ ಬೇರೆ. ಚಪ್ಪಲಿಗೆ ಹತ್ತಿದ ಮಣ್ಣು ಆ ಚಪ್ಪಲಿ ಎಲ್ಲೆಲ್ಲಿ ಓಡಾಡಿತು ಎಂಬುದಕ್ಕೆ ಸುಳಿವು ಕೊಡುವುದೂ ಇದೇ ಕಾರಣಕ್ಕೆ.

ಪೆನ್ನಿನ ಶಾಯಿ ಬೇರ್ಪಡಿಸುವುದು ಇನ್ನೂ ಸುಲಭ. ಫಿಲ್ಟರ್ ಪೇಪರಿನ ಪಟ್ಟಿಯ ಕೆಳಗೆ ಸ್ಕೆಚ್ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು, ಚುಕ್ಕೆ ಮುಳುಗದಂತೆ ತುದಿಯನ್ನು ನೀರಿಗೆ ತಾಗಿಸಿ. ಕಪ್ಪು ಎಂದುಕೊಂಡದ್ದು ನೀಲಿ, ಕೆಂಪು, ಹಳದಿಯಾಗಿ ಮೇಲೇರುತ್ತದೆ. ಕ್ರಿಮಿನಾಶಕದ ವಿಷ ಗುರುತಿಸಲು ಲ್ಯಾಬಿನಲ್ಲಿ ಬಳಸುವ ಟಿಎಲ್‌ಸಿ (ತೆಳುಪದರ ಕ್ರೊಮಟೋಗ್ರಫಿ) ತಟ್ಟೆಯದೂ ಇದೇ ತತ್ವ. ದ್ರಾಕ್ಷಿ, ಹತ್ತಿ, ಕಬ್ಬು ಬೆಳೆಯುವ ನಮ್ಮ ಜಿಲ್ಲೆಗಳಲ್ಲಿ ‘ಎಣ್ಣಿ ಕುಡಿದ’, ಅಂದರೆ ಕ್ರಿಮಿನಾಶಕ ಕುಡಿದ ಎಂದು ಬರುವ ಪ್ರಕರಣಗಳ ಎಣ್ಣೆ ಯಾವುದೆಂದು ಹೇಳುವ ಮೊದಲ ಹೆಜ್ಜೆ ಅದು.

ಇನ್ನೊಂದು ಪ್ರಯೋಗ, ಮೂಗು ಮುಚ್ಚಿಕೊಂಡು ಮಾಡಿ. ಮಾಂಸದಂಗಡಿಯಿಂದ ತಂದ ಕೋಳಿ ರಕ್ತವನ್ನು ಎರಡು ಬಟ್ಟೆ ತುಂಡಿಗೆ ಹಚ್ಚಿ. ಒಂದನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಇನ್ನೊಂದನ್ನು ನೆರಳಲ್ಲಿ ಒಣಗಿಸಿ ಕಾಗದದ ಕವರಿನಲ್ಲಿಡಿ. ಏಪ್ರಿಲ್ ಬಿಸಿಲಿನಲ್ಲಿ ವಾರ ಬಿಟ್ಟು, ಕೈಗವಸು ಹಾಕಿಕೊಂಡು ತೆರೆಯಿರಿ. ಪ್ಲಾಸ್ಟಿಕ್ಕಿನದು ಕೊಳೆತು ಬೂಸ್ಟು ಹಿಡಿದಿರುತ್ತದೆ. ಅದೇ ಬೂಸ್ಟು, ಬ್ಯಾಕ್ಟೀರಿಯಾ ಡಿಎನ್‌ಎಯನ್ನೂ ತಿಂದುಹಾಕುತ್ತವೆ. ರಕ್ತದ ಬಟ್ಟೆಯನ್ನು ಒಣಗಿಸಿ ಕಾಗದದಲ್ಲೇ ಕಟ್ಟಬೇಕು ಎಂಬ ನಿಯಮವನ್ನು ಆಮೇಲೆ ಯಾರೂ ನಿಮಗೆ ಬಾಯಿಪಾಠ ಮಾಡಿಸಬೇಕಿಲ್ಲ.

ಎರಡನೇ ವರ್ಷ: ಸ್ವಲ್ಪ ಕಾನೂನು, ಸ್ವಲ್ಪ ಕೋರ್ಟು

2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಯಲ್ಲಿವೆ. ಹಳೆಯ ಪುಸ್ತಕದಲ್ಲಿರುವ ಸೆಕ್ಷನ್ ನಂಬರ್ ಉರು ಹೊಡೆಯಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3) ನಿಮಗೆ ಬಹಳ ಮುಖ್ಯ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೊ ಮಾಡಬೇಕು ಎನ್ನುತ್ತದೆ ಅದು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶವಿದೆ. ಮುಂದೆ ಜನ ಜಾಸ್ತಿ ಬೇಕಾಗುತ್ತಾರೆ ಎಂದು ಎಲ್ಲರೂ ಹೇಳುವುದು ಇದರ ಆಧಾರದ ಮೇಲೆಯೇ. ಅದೇ ಸಂಹಿತೆಯ 329 ಸರ್ಕಾರಿ ತಜ್ಞರ ವರದಿಯನ್ನು ಸಾಕ್ಷ್ಯವಾಗಿ ಬಳಸುವುದಕ್ಕೆ ಸಂಬಂಧಿಸಿದ್ದು. ಭಾರತೀಯ ಸಾಕ್ಷ್ಯ ಅಧಿನಿಯಮದ 39 ತಜ್ಞರ ಅಭಿಪ್ರಾಯದ ಬಗ್ಗೆ, 63 ಮೊಬೈಲ್, ಸಿಸಿಟಿವಿಯಂಥ ಎಲೆಕ್ಟ್ರಾನಿಕ್ ದಾಖಲೆಗಳ ಬಗ್ಗೆ. ಸದ್ಯಕ್ಕೆ ಈ ನಾಲ್ಕು ಸಾಕು.

ಠಾಣೆಯ ಮಾತುಗಳನ್ನೂ ಕಲಿಯಿರಿ: ಮಹಜರು (ಸ್ಥಳದಲ್ಲೇ ಬರೆಯುವ ದಾಖಲೆ), ಪಂಚರು (ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕುವವರು), ಜಪ್ತಿ, ಮುದ್ದೆಮಾಲು (ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತು), ತನಿಖಾಧಿಕಾರಿ. ಒಂದು ವಸ್ತು ಸ್ಥಳದಿಂದ ಠಾಣೆಗೆ, ಅಲ್ಲಿಂದ ಎಫ್‌ಎಸ್‌ಎಲ್‌ಗೆ, ಅಲ್ಲಿಂದ ಕೋರ್ಟಿಗೆ ಯಾರ ಯಾರ ಕೈಯಿಂದ ಹೋಯಿತು ಎಂಬ ದಾಖಲೆಯಲ್ಲಿ ಒಂದು ಕೊಂಡಿ ಕಳಚಿದರೆ ಎಷ್ಟು ದೊಡ್ಡ ಯಂತ್ರದ ವರದಿಯಾದರೂ ಅಲುಗಾಡುತ್ತದೆ. ಲ್ಯಾಬಿನವರು ಪೊಟ್ಟಣ ಬಿಚ್ಚುವ ಮೊದಲು ನೋಡುವುದೇ ಅರಗಿನ ಸೀಲು ಸರಿಯಿದೆಯೇ, ಕಳಿಸಿದ ಮಾದರಿ ಸೀಲಿಗೆ ಹೊಂದುತ್ತದೆಯೇ ಎಂದು.

ಇದನ್ನು ಕಣ್ಣಾರೆ ನೋಡಲು ಪುಕ್ಕಟೆ ಜಾಗವೊಂದಿದೆ, ನಿಮ್ಮ ಜಿಲ್ಲಾ ನ್ಯಾಯಾಲಯ. ಸಾಮಾನ್ಯ ಕ್ರಿಮಿನಲ್ ವಿಚಾರಣೆ ಬಹಿರಂಗವಾಗಿ ನಡೆಯುತ್ತದೆ, ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಅತ್ಯಾಚಾರ, ಪೋಕ್ಸೊ ಪ್ರಕರಣಗಳು ಮುಚ್ಚಿದ ಕೋಣೆಯಲ್ಲಿ ನಡೆಯುತ್ತವೆ, ಅಲ್ಲಿಗೆ ಹೋಗಬೇಡಿ. ಮೊಬೈಲ್ ಬಂದ್ ಮಾಡಿ, ಸುಮ್ನೆ ಕೂತು ಕೇಳಿ. ವಕೀಲರು ಮಹಜರಿನ ಪಂಚನಿಗೆ “ಸೀಲು ಹಾಕುವಾಗ ನೀವು ಅಲ್ಲೇ ಇದ್ರಾ? ಅರಗು ಯಾವ ಬಣ್ಣದ್ದು?” ಎಂದು ಕೇಳುವುದು, ಆತ ತಡವರಿಸುವುದು, ಇದನ್ನು ಒಂದು ಮಧ್ಯಾಹ್ನ ನೋಡಿದರೂ ಪುಸ್ತಕದ ಒಂದು ಇಡೀ ಅಧ್ಯಾಯ ಅರ್ಥವಾಗುತ್ತದೆ.

ಇಂಗ್ಲಿಷ್ ಎಂಬ ಹೆದರಿಕೆ

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಕಷ್ಟವೇ, ಸುಳ್ಳು ಹೇಳುವುದಿಲ್ಲ. ಪ್ರವೇಶ ಪರೀಕ್ಷೆ, ಎಂ.ಎಸ್ಸಿ. ಪಾಠ, ಲ್ಯಾಬ್ ವರದಿ, ಎಲ್ಲ ಇಂಗ್ಲಿಷ್. ಆದರೆ ವರದಿಯ ಇಂಗ್ಲಿಷ್ ಕಥೆ ಬರೆಯುವ ಇಂಗ್ಲಿಷ್ ಅಲ್ಲ. ಸಣ್ಣ ವಾಕ್ಯ, ಲೆಕ್ಕದ ಪದ. ಪ್ರತಿ ಪ್ರಯೋಗವನ್ನು ಮೊದಲು ಕನ್ನಡದಲ್ಲಿ ಗೆಳೆಯರಿಗೆ ವಿವರಿಸಿ, ಆಮೇಲೆ ಐದು ಸಾಲು ಇಂಗ್ಲಿಷ್‌ನಲ್ಲಿ ಬರೆಯಿರಿ. ಯುಜಿಸಿಯ ಇ-ಪಿಜಿ ಪಾಠಶಾಲಾದಲ್ಲಿ ಫೊರೆನ್ಸಿಕ್ ಸೈನ್ಸ್ ಪಾಠಗಳು ಉಚಿತವಾಗಿವೆ, ಕೊನೆಯ ವರ್ಷದಿಂದಲೇ ಓದಲು ಶುರು ಮಾಡಬಹುದು.

ಮೂರನೇ ವರ್ಷ ಮತ್ತು ಎಂ.ಎಸ್ಸಿ.

ಎಫ್‌ಎಸ್‌ಎಲ್ ನೋಡಬೇಕೆಂದು ನೇರವಾಗಿ ಗೇಟಿಗೆ ಹೋದರೆ ಒಳಗೆ ಬಿಡುವುದಿಲ್ಲ. ಪ್ರಿನ್ಸಿಪಾಲರ ಸಹಿಯ ಪತ್ರ, ವಿದ್ಯಾರ್ಥಿಗಳ ಪಟ್ಟಿ, ಜೊತೆಗೆ ಬರುವ ಅಧ್ಯಾಪಕರ ಹೆಸರು ಹಾಕಿ ಮೊದಲೇ ಬರೆದು ಕೇಳಬೇಕು. ಅನುಮತಿ ಸಿಕ್ಕರೂ ಪ್ರಕರಣದ ವಸ್ತುಗಳನ್ನು ಮುಟ್ಟಲು, ಫೋಟೊ ತೆಗೆಯಲು ಆಸೆಪಡಬೇಡಿ. ಅದು ಸಿಗದಿದ್ದರೆ ಆಹಾರ, ನೀರು, ಮಣ್ಣು ಪರೀಕ್ಷಿಸುವ ಯಾವುದೇ ಲ್ಯಾಬಿನಲ್ಲಿ ರಜೆಯಲ್ಲಿ ಕೆಲಸ ಕಲಿಯಿರಿ. ಮಾದರಿಯಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರಕ್ಕೆ ಅದು ವಿಷ ನೋಡುತ್ತಿದೆಯೋ ಕ್ರಿಮಿನಾಶಕದ ಉಳಿಕೆ ನೋಡುತ್ತಿದೆಯೋ ಎಂಬ ಭೇದವಿಲ್ಲ.

ಎಂ.ಎಸ್ಸಿ.ಗೆ ನಮಗೆ ಹತ್ತಿರದ ಊರು ಧಾರವಾಡ. ಬೆಳಗಾವಿಯಿಂದ ಒಂದೂವರೆ ಎರಡು ತಾಸು, ವಿಜಯಪುರದಿಂದ ಸುಮಾರು 200 ಕಿ.ಮೀ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ ಇದೆ. ಕೇಂದ್ರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಕೂಡ ಧಾರವಾಡಕ್ಕೆ ಬಂದಿದೆ. ಅದರ ಶಿಲಾನ್ಯಾಸ ಆಗಿದ್ದು 2023ರ ಜನವರಿ 28ರಂದು. ಈ ವಿಶ್ವವಿದ್ಯಾಲಯದ ಮೂಲ ಗುಜರಾತಿನ ಗಾಂಧಿನಗರ, 2020ರ ಕಾಯ್ದೆಯಿಂದ ರಾಷ್ಟ್ರೀಯ ಸಂಸ್ಥೆಯಾಯಿತು. ಪ್ರವೇಶಕ್ಕೆ ಎನ್‌ಎಫ್‌ಎಟಿ ಎಂಬ ಪರೀಕ್ಷೆ ಬರೆಯಬೇಕು. ಯಾವ ಕ್ಯಾಂಪಸ್‌ನಲ್ಲಿ ಯಾವ ಕೋರ್ಸು, ಎಷ್ಟು ಸೀಟು ಎಂಬುದು ವರ್ಷ ವರ್ಷ ಬದಲಾಗುತ್ತದೆ, ಆ ವರ್ಷದ ಪ್ರಕಟಣೆಯನ್ನೇ ನಂಬಿ. ಪಿಯುಸಿ ಆದ ಕೂಡಲೇ ಸೇರುವ ಐದು ವರ್ಷದ ಕೋರ್ಸೂ ಅವರಲ್ಲಿದೆ. ಅಂಕ ಚೆನ್ನಾಗಿದ್ದು, ಮನೆಯಲ್ಲಿ ಫೀ ತಡೆಯುವ ಶಕ್ತಿ ಇದ್ದವರಿಗೆ ಅದು ಒಳ್ಳೆಯದು. ನಾನು ಹೇಳಿದ ಊರಿನ ದಾರಿ ಅದಿಲ್ಲದವರಿಗೂ ಆಗುತ್ತದೆ.

ಬೇರೆ ರಾಜ್ಯದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಬರೆಯಿರಿ. ಪಾಠ ಹೇಳುವ ಆಸೆ ಇದ್ದರೆ ಯುಜಿಸಿ ನೆಟ್‌ನಲ್ಲಿ ಫೊರೆನ್ಸಿಕ್ ಸೈನ್ಸ್ ಪ್ರತ್ಯೇಕ ವಿಷಯವಾಗಿ ಇದೆ. ಅಪರಾಧಶಾಸ್ತ್ರದ ಕಡೆ ಹೋಗುವವರಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲೇ ಎಂ.ಎ. ಇದೆ.

ಕೆಲಸದ ಮಾತು

ಸರ್ಕಾರಿ ಹುದ್ದೆಗಳು ಪ್ರತಿವರ್ಷ ಬರುವುದಿಲ್ಲ. ಬಂದಾಗ ಒಟ್ಟಿಗೆ ಬರುತ್ತವೆ. ರಾಜ್ಯ ಪೊಲೀಸ್ ಇಲಾಖೆ ಅಪರಾಧ ಸ್ಥಳ ಅಧಿಕಾರಿ, ಅಂದರೆ ‘ಸೋಕೊ’ ಎಂಬ ಹೊಸ ಹುದ್ದೆ ಸೃಷ್ಟಿಸಿ ಇನ್ನೂರಕ್ಕೂ ಹೆಚ್ಚು ಜನರಿಗೆ ಅರ್ಜಿ ಕರೆದಿದ್ದು ಹಾಗೆಯೇ. ಹೈದರಾಬಾದ್, ಪುಣೆ, ಭೋಪಾಲ್, ಚಂಡೀಗಢದಂಥ ಕಡೆ ಇರುವ ಕೇಂದ್ರ ಪ್ರಯೋಗಾಲಯಗಳ ಹುದ್ದೆಗಳ ಮೇಲೂ ಕಣ್ಣಿಡಿ. ಎರಡು ನೋಟಿಫಿಕೇಶನ್ ನಡುವಿನ ವರ್ಷಗಳಲ್ಲಿ ಏನು ಮಾಡುತ್ತೀರಿ ಎನ್ನುವುದೇ ನಿಜವಾದ ಪ್ರಶ್ನೆ. ಬೆಳಗಾವಿ, ಬಾಗಲಕೋಟೆಯಲ್ಲಿ ಸಕ್ಕರೆ ಕಾರ್ಖಾನೆಗಳು, ಡಿಸ್ಟಿಲರಿಗಳು ಬೇಕಾದಷ್ಟಿವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಅಲ್ಲಿನ ಲ್ಯಾಬಿಗೆ ಕೆಮಿಸ್ಟುಗಳು ಬೇಕೇ ಬೇಕು. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಈ ಕ್ಷೇತ್ರಕ್ಕೇ ಕೋರ್ಸು ನಡೆಸುತ್ತದೆ. ಅಲ್ಲಿ ಎರಡು ಹಂಗಾಮು ದುಡಿದವರ ಕೈಗೆ ಬರುವ ನಿಖರತೆ, ಪಾಳಿಯಲ್ಲಿ ರಾತ್ರಿ ಎಚ್ಚರವಿದ್ದು ರೀಡಿಂಗ್ ಬರೆಯುವ ಅಭ್ಯಾಸ ಸಂದರ್ಶನದಲ್ಲಿ ಎದ್ದು ಕಾಣುತ್ತದೆ.

ಮೀಸಲಾತಿ ಕಾಗದದ ಬಗ್ಗೆ ಒಂದು ಮಾತು. ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ. ವಿಜಯಪುರ ಕಲಬುರಗಿಗೆ ಅಂಟಿಕೊಂಡಿದ್ದರೂ ಅದರಲ್ಲಿ ಬರುವುದಿಲ್ಲ, ಬಾಗಲಕೋಟೆ, ಬೆಳಗಾವಿಯೂ ಇಲ್ಲ. ನಮ್ಮವರಿಗೆ ಸಿಗುವುದು ಗ್ರಾಮೀಣ ಅಭ್ಯರ್ಥಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿ. ಒಂದರಿಂದ ಹತ್ತನೇ ತರಗತಿವರೆಗೆ ಓದಿದ ಶಾಲೆಗಳ ಮುಖ್ಯೋಪಾಧ್ಯಾಯರ ಸಹಿ ಅದಕ್ಕೆ ಬೇಕು, ಗ್ರಾಮೀಣ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿಯೂ ಬೇಕು. ಪ್ರಾಥಮಿಕ ಶಾಲೆ ಒಂದು ಊರು, ಹೈಸ್ಕೂಲು ಇನ್ನೊಂದು ತಾಲ್ಲೂಕು ಆಗಿದ್ದರೆ ಓಡಾಟ ಜಾಸ್ತಿ. ಅರ್ಜಿಯ ಕೊನೆಯ ವಾರಕ್ಕೆ ಬಿಡದೆ ಡಿಗ್ರಿಯ ಬೇಸಿಗೆ ರಜೆಯಲ್ಲೇ ಒಂದು ಸಲ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಸರಿಯಿದೆಯೇ ನೋಡಿಕೊಂಡು ಬನ್ನಿ.